ಓಲೆಗರಿಯ ಛಾಯಾಚಿತ್ರ: ದರ್ಶನವೋ, ಪಾಠವೋ?

ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಚಿತ್ರಿತ ಓಲೆಗರಿಗಳು ಕ್ರಿ. ಶ. 12ನೆಯ ಶತಮಾನದ ಆರಂಭಕ್ಕೆ ಸೇರಿದವು. ಇಂದು ಅವು ಕಲಾಗ್ರಂಥಗಳ ವರ್ಣಫಲಕಗಳ ಮೂಲಕ ಲೋಕಪರಿಚಿತವಾಗಿವೆ. ದಿಗಂಬರ ಚಿತ್ರಪರಂಪರೆಯತ್ತ ಕಲಾರಸಿಕರ ಗಮನವನ್ನು ಸೆಳೆದ ಸಂಪುಟಗಳಲ್ಲಿ 1985ರಲ್ಲಿ ಪ್ರಕಟವಾದ ಸರಯೂ ದೋಶಿಯವರ ಕೃತಿ ಸ್ಮರಣೀಯವಾದುದು. ವರ್ಣದ ಹೊಳಪು, ರೇಖೆಯ ಬಾಗು, ಗರಿಯ ನಾರಿನ ವಿನ್ಯಾಸ ಇವುಗಳನ್ನು ಕಪ್ಪುಬಿಳುಪಿನ ಮೈಕ್ರೋಫಿಲ್ಮು ತೋರಿಸಲಾರದು. ಕಂಟದಿಂದ ಕೊರೆದ, ಮಸಿ ಪೂಸದ ಅಕ್ಷರಗಳು ಕೂಡ ಓರೆಬೆಳಕಿನಲ್ಲಿ ನೆರಳು ಪಡೆದು ಎದ್ದು ಕಾಣುತ್ತವೆ. ಕಲಾವಿದನ ಬೆಳಕಿನ ಪರಿಜ್ಞಾನವು ಪಾಠಶೋಧಕನಿಗೂ ಉಪಕಾರಿಯೆಂಬುದು ನಿರ್ವಿವಾದ.

ಆದರೆ ಚಿತ್ರವನ್ನು ಹಿಗ್ಗಿಸಿ ಅದರ ಇಕ್ಕೆಲಗಳ ಅಕ್ಷರಪಂಕ್ತಿಗಳನ್ನು ಕತ್ತರಿಸುವ ಪದ್ಧತಿ ವಿಚಾರಾರ್ಹ. ಅಂತಹ ಫಲಕದಲ್ಲಿ ಗರಿಯ ಸಂಖ್ಯೆಯಿಲ್ಲ, ದಾರದ ರಂಧ್ರವಿಲ್ಲ, ಅಳತೆಯಿಲ್ಲ. ಅಕ್ಷರವು ಕೇವಲ ಅಲಂಕಾರವಾಗಿ ಉಳಿಯುತ್ತದೆ. ಒಂದು ಪದದ ಬೆಲೆಯೇನೆಂಬುದನ್ನು ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರವೇ ತಿಳಿಸುತ್ತದೆ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಸಹಿತವಾದ ಪ್ರಥಮ ಸಂಪುಟ ಪ್ರಕಟವಾದಾಗ, ಆಧಾರಪ್ರತಿಗಳಲ್ಲಿ ಇಲ್ಲದಿದ್ದ ‘ಸಂಜದ’ ಪದವು ಅಲ್ಲಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಲಾಯಿತು. ಅನಂತರ ಮೂಡಬಿದಿರೆಯ ತಾಡಪತ್ರದಲ್ಲಿ ಆ ಪದ ದೊರೆಯಿತು. ಅದನ್ನು ಕುರಿತ ವಾದವಿವಾದಗಳು ವಿದ್ವಾಂಸರಿಗೆ ಸುವಿದಿತ. ಅಂಚು ಕತ್ತರಿಸಿದ ಛಾಯಾಚಿತ್ರವು ಇಂತಹ ವಿಷಯದಲ್ಲಿ ಸಾಕ್ಷಿ ನುಡಿಯಲಾರದು.

ಇನ್ನೊಂದು ಹಾನಿಯೂ ಉಂಟು. ಮಹಾಬಂಧದ ಪ್ರತಿಯನ್ನು ಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂಬುದು ಪ್ರಶಸ್ತಿಯಿಂದ ತಿಳಿದುಬರುತ್ತದೆ. ಚಿತ್ರವಿಲ್ಲದ ಪ್ರಶಸ್ತಿಪತ್ರವು ಸುಂದರವಲ್ಲವೆಂದು ಬಿಟ್ಟರೆ, ಶಾಸ್ತ್ರದಾನದ ಆ ಚರಿತ್ರೆಯೇ ಕಣ್ಮರೆಯಾಗುತ್ತದೆ.

ಈ ಗ್ರಂಥಗಳು ದೀರ್ಘಕಾಲ ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದವು. ಅವುಗಳನ್ನು ಅಧ್ಯಯನಕ್ಕೆ ತೆರೆಯಿಸಲು ಹಲವು ದಶಕಗಳ ಪರಿಶ್ರಮ ಬೇಕಾಯಿತು. ಕೇವಲ ರಮ್ಯತೆಯನ್ನು ಅರಸುವ ಛಾಯಾಗ್ರಹಣವು ಅವುಗಳನ್ನು ಮರಳಿ ದರ್ಶನವಸ್ತುವನ್ನಾಗಿಸುವ ಅಪಾಯವಿದೆ. ಅಂದು ಕದವಾದರೂ ಎದುರಿಗೆ ಕಾಣುತ್ತಿತ್ತು. ಇಂದಿನ ಕದವು ಫಲಕದ ಅಂಚಿನಲ್ಲಿ ಅಡಗಿದೆ.

ಪರಿಹಾರವು ಕಷ್ಟಸಾಧ್ಯವಲ್ಲ. ಪ್ರತಿಯೊಂದು ಕಲಾಫಲಕದೊಡನೆ ಅದೇ ಗರಿಯ ಎರಡೂ ಮಗ್ಗುಲುಗಳ ಅಖಂಡ ಪ್ರತಿಬಿಂಬ, ಅಳತೆಗೋಲು, ಪತ್ರಸಂಖ್ಯೆ ಮತ್ತು ಭಂಡಾರದ ಹೆಸರು ಇರಬೇಕು. ಆಗ ರಸಿಕನ ಕಣ್ಣಿಗೂ ಪಂಡಿತನ ಕಣ್ಣಿಗೂ ವಿರೋಧವುಂಟಾಗದು. ಲಿಪಿಕಾರನು ಓದಲೆಂದು ಬರೆದುದನ್ನು ಓದಲು ಬಿಡುವುದೇ ಅವನಿಗೆ ಸಲ್ಲುವ ಗೌರವ.