ತಂಬೂರಿ ಮೇಲೆ ಬಂದ ವಾಯೊಲಿನ್

ವಳಸಂಗದಂಥ ಗಡಿಯ ಊರಿನಲ್ಲಿ ರೇಡಿಯೊ ಎರಡು ಭಾಷೆ ಮಾತಾಡುತ್ತದೆ. ಮುಳ್ಳು ಇತ್ತ ತಿರುವಿದರೆ ಧಾರವಾಡದ ಕನ್ನಡ, ಅತ್ತ ತಿರುವಿದರೆ ಸಾಂಗಲಿಯ ಮರಾಠಿ. ಮಹಾರಾಷ್ಟ್ರದ ಜತ್ತ ತಾಲೂಕಿನ ಈ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕೆಂಬ ತಂಟೆ ಇನ್ನೂ ಆರಿಲ್ಲ. ಆದರೂ ಎರಡೂ ಆಕಾಶವಾಣಿ ನಿಲಯಗಳ ಮುಂಜಾನೆ ತೆರೆದುಕೊಂಡದ್ದು ಒಂದೇ ನಾದದಿಂದ. ಕೆಳಗೆ ತಂಬೂರಿಯ ಶ್ರುತಿ, ಮೇಲೆ ವಾಯೊಲಿನ್. ವಂದೇ ಮಾತರಂ, ಮಂಗಲಧ್ವನಿ ಎಲ್ಲ ಆಮೇಲೆ.

ಈ ನಾದವನ್ನು ಕಟ್ಟಿದವರು ವಾಲ್ಟರ್ ಕೌಫ್ಮನ್ ಎಂಬುದು ಬಹುಮಂದಿ ಒಪ್ಪಿದ ಮಾತು. ಬೇರೆ ಹೆಸರು ಹೇಳುವವರೂ ಇದ್ದಾರೆ. ಬೊಹೀಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ 1907ರಲ್ಲಿ ಹುಟ್ಟಿದ ಯಹೂದಿ ಸಂಗೀತಗಾರ. ಬರ್ಲಿನ್, ಪ್ರಾಗ್‌ಗಳಲ್ಲಿ ಓದಿ, ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, 1934ರಲ್ಲಿ, ಮುಂಬಯಿಗೆ ಬಂದಿಳಿದರು. ವಾಯೊಲಿನ್ ವಾದಕ ಮೆಹ್ಲಿ ಮೆಹ್ತಾ ಅವರಂಥವರನ್ನು ಕೂಡಿಸಿಕೊಂಡು ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ನಡೆಸಿದರು, ಮುಂಬಯಿ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತರು. ಅವರ ಹೆಂಡತಿ ಗೆರ್ಟಿ, ಸಾಹಿತಿ ಫ್ರಾಂಜ್ ಕಾಫ್ಕಾನ ತಂಗಿಯ ಮಗಳು. ಕಾಫ್ಕಾನ ಮೂವರು ತಂಗಿಯರನ್ನೂ ನಾಜಿಗಳು ಕೊಂದರು. ಮುಂಬಯಿಯ ಕಡಲದಂಡೆಯಲ್ಲಿ ಇವರು ಜೀವ ಉಳಿಸಿಕೊಂಡಿದ್ದಾಗ ಅತ್ತ ಯೂರೋಪಿನಲ್ಲಿ ಅವರ ಬಳಗವೇ ಅಳಿಯುತ್ತಿತ್ತು.

ಇದನ್ನು ತಿಳಿದ ಮೇಲೆ ಆಕಾಶವಾಣಿಯ ನಾದದಲ್ಲಿ ಶೋಕವನ್ನು ಹುಡುಕುವುದು ಸುಲಭ. ಶಿವರಂಜನಿಯ ಛಾಯೆ ಇದೆ ಎನ್ನುತ್ತಾರೆ, ಕೋಮಲ ಗಾಂಧಾರದ ಆ ರಾಗಕ್ಕೆ ಕರುಣರಸ ಅಂಟಿಕೊಂಡೇ ಇದೆ. ಶೋಕದ ಈ ವ್ಯಾಖ್ಯಾನವನ್ನು ನಾನು ಒಪ್ಪುವುದಿಲ್ಲ. ಈ ನಾದ ರೂಪುಗೊಂಡದ್ದು ಮೂವತ್ತರ ದಶಕದಲ್ಲಿ, ನಾಜಿಗಳ ಅನಿಲದ ಕೋಣೆಗಳಿಗೆ ಮೊದಲು. ಕೆಲವೇ ಕ್ಷಣದ ಸ್ವರಸಂಚಾರಕ್ಕೆ ರಾಗದ ವಿಸ್ತಾರವನ್ನು ಹೊರಿಸುವುದೂ ತಪ್ಪು. ಆಲಾಪಕ್ಕೆ ಅಲ್ಲಿ ಎಡೆಯಿಲ್ಲ. ಅದರ ಹೆಚ್ಚುಗಾರಿಕೆ ಸಂಯಮದಲ್ಲಿದೆ. ಸ್ವರಗಳನ್ನು ಒಂದರ ಮೇಲೊಂದು ಪೇರಿಸುವ ಹಾರ್ಮನಿಯಲ್ಲಿ ಬೆಳೆದ ಮನುಷ್ಯ ಅದನ್ನೆಲ್ಲ ಬದಿಗಿಟ್ಟು ತಂಬೂರಿಯ ಷಡ್ಜಕ್ಕೆ ತಲೆಬಾಗಿದ್ದಾನೆ. ಏಕತಾರಿ ಹಿಡಿದು ತತ್ವಪದ ಹಾಡುವ ನಮ್ಮ ಕಡೆಯ ಭಜನೆಯ ಮಂದಿಗೆ ಇದು ಪರಕೀಯ ಅನ್ನಿಸದಿರುವುದಕ್ಕೆ ಕಾರಣ ಅದೇ.

ಕೌಫ್ಮನ್ನರನ್ನು ಅಳೆಯಲು ಆ ತುಣುಕು ಸಾಲದು. ಟೊರಾಂಟೊದ ಎಆರ್‌ಸಿ ಆನ್‌ಸಾಂಬ್ಲ್ 2020ರಲ್ಲಿ ಷಾಂಡೋಸ್ ಕಂಪನಿಗಾಗಿ ಅವರ ಚೇಂಬರ್ ಸಂಗೀತದ ಮುದ್ರಿಕೆ ತಂದಿತು. ಅದರಲ್ಲಿ ಎರಡು ಸ್ಟ್ರಿಂಗ್ ಕ್ವಾರ್ಟೆಟ್, ಒಂದು ವಾಯೊಲಿನ್ ಸೊನಾಟಾ, ಸೊನಾಟಿನಾ, ಸೆಪ್ಟೆಟ್ ಇವೆ. ಕ್ವಾರ್ಟೆಟ್‌ಗಳೇ ನನಗೆ ಮೇಲೆನಿಸುತ್ತವೆ. ತಂತಿವಾದ್ಯ ಸ್ವರದಿಂದ ಸ್ವರಕ್ಕೆ ಜಾರಬಲ್ಲದು, ರಾಗದ ಎಳೆ ಅದಕ್ಕೆ ಒಗ್ಗುತ್ತದೆ. ಪಿಯಾನೊ ಬಂದಲ್ಲಿ ಗಾಂಧಾರ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಆ ಜಾರುವಿಕೆಗೆ, ಮೀಂಡಿಗೆ ಜಾಗವಿಲ್ಲ, ಬೆಸುಗೆಯ ಗುರುತು ಕಾಣುತ್ತದೆ. ಈ ಕೊರತೆಯನ್ನು ಮುಚ್ಚಬಾರದು. ದೇಶ ಕಳಕೊಂಡವನ ಸಂಗೀತ ಎಂಬ ಕನಿಕರದಿಂದ ಕೇಳಿದರೆ ಅವರ ಕಸುಬಿಗೆ ಅವಮಾನ ಮಾಡಿದಂತೆ.

ಅವರದೇ ಪೀಳಿಗೆಯ ಪಾವೆಲ್ ಹಾಸ್, ವಿಕ್ಟರ್ ಉಲ್‌ಮನ್, ಹಾನ್ಸ್ ಕ್ರಾಸಾ ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಸಂಗೀತ ಬರೆದರು. 1944ರ ಅಕ್ಟೋಬರಿನಲ್ಲಿ ಆಶ್ವಿಟ್ಸ್‌ಗೆ ಸಾಗಿಸಲ್ಪಟ್ಟು ಸತ್ತರು. ಅವರ ಕೃತಿಗಳನ್ನು ಜಗತ್ತು ಇಂದು ಗೌರವದಿಂದ ನುಡಿಸುತ್ತದೆ, ನುಡಿಸಲೇಬೇಕು. ಆದರೆ ಬದುಕಿ ಉಳಿದವನ ಸಂಗೀತಕ್ಕೆ ಆ ಸ್ಮರಣೆಯಲ್ಲಿ ಸ್ಥಳ ಕಡಿಮೆ. ಕೌಫ್ಮನ್ 1946ರಲ್ಲಿ ಭಾರತ ಬಿಟ್ಟರು, ಕೆನಡಾದ ವಿನಿಪೆಗ್‌ನಲ್ಲಿ ಆರ್ಕೆಸ್ಟ್ರಾ ಕಟ್ಟಿ ಬೆಳೆಸಿದರು, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1968ರಲ್ಲಿ ಉತ್ತರ ಭಾರತದ ರಾಗಗಳ ಮೇಲೆ, 1976ರಲ್ಲಿ ದಕ್ಷಿಣದ ರಾಗಗಳ ಮೇಲೆ ದೊಡ್ಡ ಗ್ರಂಥ ಹೊರತಂದರು. ಮೊದಲು ತನಗೆ ಅರ್ಥವೇ ಆಗದಿದ್ದ ಸಂಗೀತಕ್ಕೆ ಜೀವಮಾನ ಕೊಟ್ಟು 1984ರಲ್ಲಿ ತೀರಿಕೊಂಡರು.

ಆಕಾಶವಾಣಿಗೆಂದು ಅವರು ಬರೆದ ‘ಅನಸೂಯ’ ಒಪೆರಾವನ್ನು, ಆ ಕ್ವಾರ್ಟೆಟ್‌ಗಳನ್ನು ಧಾರವಾಡವೋ ಸಾಂಗಲಿಯೋ ಒಂದು ಸಂಜೆ ಪೂರ್ತಿ ಕೇಳಿಸಬೇಕು, ಹೆಸರು ಹೇಳಿ ಕೇಳಿಸಬೇಕು. ವಳಸಂಗದ ಭಜನೆಯವರು ಅದಕ್ಕೆ ಏನೆನ್ನುತ್ತಾರೋ ತಿಳಿಯುವ ಆಸೆ ನನಗಿದೆ; ಶ್ರುತಿ ತಪ್ಪಿದ್ದನ್ನು ಮುಲಾಜಿಲ್ಲದೆ ಹೇಳುವ ಮಂದಿ ಅವರು.