ಕಿಟಕಿಗೆ ಕೆಂಪು ಕಮಾನು

ಶ್ರೀರಾಂಪುರದ ನಮ್ಮ ತಾರಸಿಯಲ್ಲಿ ಸಂಡಿಗೆ ಕಾಯುತ್ತ ಕೂತರೆ ಮಂಡಕಳ್ಳಿಯಿಂದೆದ್ದ ಪುಟ್ಟ ಎಟಿಆರ್ ವಿಮಾನ ಗುರುಗುಟ್ಟುತ್ತ ಹೋಗುತ್ತದೆ. ಮೊಮ್ಮಗನಿಗೆ ಅದು ಲೆಕ್ಕಕ್ಕಿಲ್ಲ. ಅವನ ಧ್ಯಾನವೆಲ್ಲ 2022ರಲ್ಲಿ ಬೆಂಗಳೂರಿಗೆ ಬರತೊಡಗಿದ ಎರಡಂತಸ್ತಿನ ಏರ್‌ಬಸ್ ಎ380 ಮೇಲೆ. ಕಳೆದ ರಜೆಯಲ್ಲಿ ಮಗ ನಮ್ಮಿಬ್ಬರನ್ನೂ ದೇವನಹಳ್ಳಿಗೆ ಕರೆದೊಯ್ದು ಬೇಲಿಯಾಚೆಯಿಂದ ತೋರಿಸಿದ. ದೊಡ್ಡದು, ಸರಿ. ಒಳಗೆ ಸ್ನಾನದ ಮನೆಯೂ ಇದೆಯಂತೆ! ಆದರೆ ಹೊರಗೆ ನಿಂತವಳಿಗೆ ಅದೊಂದು ಬಿಳಿ ಕಲ್ಯಾಣಮಂಟಪ, ಅಷ್ಟೆ.

ನನ್ನ ಕಣ್ಣಲ್ಲಿ ಉಳಿದಿರುವುದು ಏರ್ ಇಂಡಿಯಾದ ಜಂಬೊ, ಬೋಯಿಂಗ್ 747. 1971ರಲ್ಲಿ ಬಂದ ಮೊದಲನೆಯದಕ್ಕೆ ಸಾಮ್ರಾಟ ಅಶೋಕನ ಹೆಸರು. ಪ್ರತಿ ಕಿಟಕಿಗೂ ಅರಮನೆಯ ಝರೋಕದಂತೆ ಕೆಂಪು ಕಮಾನು ಬರೆದಿದ್ದರು. ಒಳಗೆ ಕೂತವರಿಗೆ ಆ ಕಮಾನು ಕಾಣದು. ಕಳಿಸಲು ಬಂದವರ ಪಾಲಿನ ಚೆಲುವು ಅದು. ಅಣ್ಣ ಅಮೆರಿಕಕ್ಕೆ ಹೊರಟ ದಿನ ಬೊಂಬಾಯಿಯಲ್ಲಿ ಅಮ್ಮ, "ಅವನ ಕಿಟಕಿ ಯಾವುದೇ ಅದರಲ್ಲಿ?" ಎಂದು ಕೇಳುತ್ತಲೇ ಇದ್ದಳು.

ಹಾಗೆಂದು ಹಳೆಯದೆಲ್ಲ ಚಿನ್ನವೆನ್ನಲಾರೆ. ಅದೇ ಅಶೋಕ 1978ರ ಜನವರಿ 1ರಂದು ಬೊಂಬಾಯಿಯ ಕಡಲಿಗೆ ಬಿದ್ದು 213 ಜನ ಹೋದರು. ಅಣ್ಣ ಆಗ ನ್ಯೂಯಾರ್ಕಿನಲ್ಲಿದ್ದ. ಆದರೂ ಅವನ ಕಾಗದ ಕೈಸೇರುವವರೆಗೆ ಅಮ್ಮನಿಗೆ ಅನ್ನ ಇಳಿಯಲಿಲ್ಲ. ಜಂಬೊವನ್ನು ಹೊಗಳಿ ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ. ನಾನೂ ಎಷ್ಟೋ ಸಲ ಹಾರಿಸಿದ್ದೇನೆ. ಎ380 ಅಪಘಾತದಲ್ಲಿ ಇದುವರೆಗೆ ಒಬ್ಬ ಪ್ರಯಾಣಿಕನೂ ಸತ್ತಿಲ್ಲ; ಆದರೂ ಕೊಳ್ಳುವವರು ಸಾಲದೆ 2021ಕ್ಕೆ ಅದರ ತಯಾರಿಕೆಯೇ ನಿಂತಿತು.

ಮೊಮ್ಮಗ ಹತ್ತುವುದಾದರೆ ಅದನ್ನೇ ಹತ್ತಲಿ. ಕೆಳಗೆ ನಿಂತು ಕೈಬೀಸುವ ನನಗೆ ಕಿಟಕಿಗೊಂದು ಗುರುತು ಬೇಕಿತ್ತು.