ಹನಿಯೊಳಗಿನ ಒಲೆ

ಮಳೆಗಾಲದಲ್ಲಿ ಸಂಡೂರಿನ ಬೆಟ್ಟಸಾಲಿಗೆ ಮೋಡ ಇಳಿದಾಗ ಕಾಣುವುದು ಬರೀ ಬಿಳುಪು. ಆ ಬಿಳುಪಿನ ಒಂದೊಂದು ಹನಿಯೂ ಮಿಲಿಮೀಟರಿನ ನೂರನೇ ಒಂದೆರಡು ಪಾಲಿನಷ್ಟು ಚಿಕ್ಕದು. ಅಷ್ಟರೊಳಗೇ ಬೆಂಕಿಯಿಲ್ಲದ ಒಲೆಯೊಂದು ಉರಿಯುತ್ತಿರುತ್ತದೆ.

ಅದಕ್ಕೆ ಸೌದೆ ಒದಗಿಸುವುದು ಗಾಳಿ. ಮರಗಳ ಎಲೆ ಐಸೋಪ್ರೀನ್ ಎಂಬ ಅನಿಲ ಬಿಡುತ್ತದೆ. ಅದು ಗಾಳಿಯಲ್ಲಿ ಒಡೆದಾಗ ಹುಟ್ಟುವ ಗ್ಲೈಆಕ್ಸಾಲ್ ನೀರು ಕಂಡರೆ ಸಾಕು, ಕರಗಿ ಒಳಸೇರುತ್ತದೆ. ಕಂಪ್ಲಿಯ ಕಡೆ ಭತ್ತದ ಹುಲ್ಲು ಸುಟ್ಟರೆ ಹೊಗೆಯಲ್ಲಿ ಫೀನಾಲ್‌ಗಳೂ ಬರುತ್ತವೆ. ಹನಿಯೊಳಗೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚುರುಕು ಅಣುತುಣುಕು ಇರುತ್ತದೆ, ಅದು ತಾಗಿದ್ದನ್ನು ಬಿಡುವುದಿಲ್ಲ: ಗ್ಲೈಆಕ್ಸಾಲನ್ನು ಆಕ್ಸಾಲಿಕ್ ಆಮ್ಲವಾಗಿಸುತ್ತದೆ, ಫೀನಾಲನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ.

ಈ ರ‍್ಯಾಡಿಕಲ್ ಹುಟ್ಟುವ ದಾರಿಗಳಲ್ಲಿ ತುಂಬ ಸೊಗಸಾದದ್ದು ಕಬ್ಬಿಣದ್ದು. ಸಂಡೂರು–ಹೊಸಪೇಟೆ ರಸ್ತೆಯಲ್ಲಿ ಅದಿರಿನ ಕೆಂಪು ಧೂಳು ಗಿಡಗಳ ಮೇಲೆ ಕೂತಿರುವುದನ್ನು ಓಡಾಡುವವರೆಲ್ಲ ಬಲ್ಲರು. ಅಂಥ ಕಣ ಹುಳಿ ಹನಿಗೆ ಬಿದ್ದರೆ ಚೂರು ಕಬ್ಬಿಣ ಕರಗಿ, ಹನಿಯಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ರ‍್ಯಾಡಿಕಲ್ ಹೊಮ್ಮಿಸುತ್ತದೆ. ದಣಿದ ಕಬ್ಬಿಣವನ್ನು ಬಿಸಿಲು ಮತ್ತೆ ಸಜ್ಜುಗೊಳಿಸುತ್ತದೆ. ಎಷ್ಟು ಮಿತವ್ಯಯ! ಈ ಜೋಡಿಯ ಶಕ್ತಿಯನ್ನು ಇಂಗ್ಲೆಂಡಿನ ಹೆನ್ರಿ ಫೆಂಟನ್ 1894ರಲ್ಲಿ ವಿವರಿಸಿದ್ದು ಟಾರ್ಟಾರಿಕ್ ಆಮ್ಲವನ್ನು ಇಟ್ಟುಕೊಂಡು. ನಮ್ಮ ಸಾರಿಗೆ ಹಿಂಡುವ ಹುಣಸೆಹಣ್ಣಿನ ಹುಳಿಯೂ ಅದರದೇ.

ಚಳಿಗಾಲದ ಬೆಳಿಗ್ಗೆ ಹಂಪಿಯ ಮಾತಂಗ ಬೆಟ್ಟದ ಕೆಳಗೆ ಕವಿದ ಮಂಜು ಬಿಸಿಲೇರುತ್ತಲೇ ಮಾಯವಾದಾಗ ಆಟ ಮುಗಿಯಿತು ಎನಿಸುತ್ತದೆ. ಮುಗಿದಿರುವುದಿಲ್ಲ. ನೀರು ಆರಿದರೂ ಹನಿಯಲ್ಲಿ ಹುಟ್ಟಿದ ಆಕ್ಸಾಲಿಕ್ ಆಮ್ಲದ ಬಹುಪಾಲು ಕಣವಾಗಿ ಗಾಳಿಯಲ್ಲೇ ಉಳಿಯುತ್ತದೆ. ಮುಂದಿನ ಮೋಡದ ಹನಿ ಅಂಥದೇ ಕಣದ ಸುತ್ತ ಕಟ್ಟಿಕೊಳ್ಳುತ್ತದೆ.